ಮಳೆಗಾಲದ ಕುನ್ನಿಯನ್ನು ಘಟ್ಟ ಹತ್ತಿಸುವಾಗ

ಜೂನ್ 1ಕ್ಕೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಅಲ್ಲಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕಾರವಾರದ ಬೈತಖೋಲ್ ಬಂದರಿನಲ್ಲಿ ಆ ದೋಣಿಗಳ ಮೀನು ಇಳಿಯುವುದಿಲ್ಲ. ಮೀನಿನ ತಲೆ, ಕರುಳು, ಬಲೆ ಕೊಡವಿದಾಗ ಬಿದ್ದ ಚೂರು ತಿಂದು ಬದುಕುವ ಬಂದರಿನ ನಾಯಿಗಳಿಗೆ ಹೊಟ್ಟೆಗೆ ಕಷ್ಟವಾಗುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೆ. ಮೇ ತಿಂಗಳಲ್ಲಿ ಮರಿ ಹಾಕಿದ ತಾಯಿಗೆ ಹಾಲು ಬತ್ತುತ್ತದೆ, ಚರಂಡಿ ಉಕ್ಕುತ್ತದೆ, ಮೋರಿಯೊಳಗಿದ್ದ ಮರಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಕೋಡಿಬಾಗದಿಂದ ಕುಮಟಾದವರೆಗೆ, ನಾಯಿಮರಿಗಳನ್ನು ತಾತ್ಕಾಲಿಕವಾಗಿ ಮನೆಯಲ್ಲಿಟ್ಟು ಸಾಕಿಕೊಡುವ ಮನೆಗಳಿಗೆ ಫೋನು ಬರುವುದು ಹೆಚ್ಚಾಗಿ ಈ ದಿನಗಳಲ್ಲೇ. "ಎರಡು ವಾರ ಇಟ್ಕೊಳ್ಳಿ ಸಾಕು, ಅಷ್ಟರಲ್ಲಿ ಮನೆ ಹುಡುಕ್ತೇವೆ" ಅನ್ನುತ್ತಾರೆ.

ಎರಡು ವಾರಕ್ಕೆ ಮನೆ ಸಿಗುವುದಿಲ್ಲ. ಮಳೆಯಲ್ಲಿ ಹೊಸ ಮರಿ ತರಲು ಯಾರಿಗೂ ಮನಸ್ಸಿಲ್ಲ. ಅಂಗಳವೆಲ್ಲ ಕೆಸರು, ಒರೆಸಿದ ಬಟ್ಟೆ ಒಣಗುವುದಿಲ್ಲ, ಹೊರಗೆ ಬಿಟ್ಟರೆ ನೆನೆಯುತ್ತದೆ, ಒಳಗೆ ಬಿಟ್ಟರೆ ಉಚ್ಚೆ ಹೊಯ್ಯುತ್ತದೆ. "ಚೌತಿ ಮುಗೀಲಿ ನೋಡುವಾ" ಅಂದವರು ಚೌತಿ ಮುಗಿದ ಮೇಲೆ ನವರಾತ್ರಿ ಕಳೀಲಿ ಅನ್ನುತ್ತಾರೆ. ಐದು ವಾರದ ಮರಿಯಾಗಿ ಬಂದದ್ದು ನಾಲ್ಕು ತಿಂಗಳ ಮರಿಯಾಗಿ ಹೊರಡುತ್ತದೆ. ತಾತ್ಕಾಲಿಕ ಅಂದುಕೊಂಡೇ ಮನಸ್ಸಿಗೆ ಬೇಲಿ ಹಾಕಿಕೊಂಡವರಿಗೂ ಅಷ್ಟು ದಿನ ಆ ಬೇಲಿ ನಿಲ್ಲುವುದಿಲ್ಲ.

ಆ ದಿನಗಳಲ್ಲಿ ಮನೆಯೊಳಗೆ ನಡೆಯುವುದೇನು ಎಂದು ಸಾಕದವರಿಗೆ ತಿಳಿಯುವುದು ಕಷ್ಟ. ಆರು ವಾರದ ಮರಿಗೆ ದಿನಕ್ಕೆ ನಾಲ್ಕು ಊಟ. ಉಂಡ ಹತ್ತು ಹದಿನೈದು ನಿಮಿಷಕ್ಕೊಮ್ಮೆ, ನಿದ್ದೆಯಿಂದ ಎದ್ದಾಗೊಮ್ಮೆ, ರಾತ್ರಿ ಎರಡು ಸಲ, ಕೊಡೆ ಹಿಡಿದು ಅಂಗಳಕ್ಕೆ ಒಯ್ಯಬೇಕು. ಮೂರು ತಿಂಗಳಾಗುವ ತನಕ ಎರಡು ವಾರಕ್ಕೊಮ್ಮೆ ಜಂತಿನ ಔಷಧಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಮರಿಗಳ ಜೀವ ತೆಗೆಯುವ ಪಾರ್ವೊ, ಡಿಸ್ಟೆಂಪರ್ ಎಂಬ ವೈರಾಣು ರೋಗಗಳ ಸಂಯುಕ್ತ ಲಸಿಕೆ ಆರರಿಂದ ಎಂಟು ವಾರದೊಳಗೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದ ತನಕ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ನಡುವೆ ಒಂದು ದಿನ ಹೊಟ್ಟೆ ಕೆಟ್ಟರೂ ಪಾರ್ವೊ ಇರಬಹುದೆಂದು ರಾತ್ರಿಯಿಡೀ ಎಚ್ಚರ. ಬಚ್ಚಲ ಒಲೆಯ ಪಕ್ಕ ಮಡಿಸಿದ ಗೋಣಿಚೀಲದ ಮೇಲೆ ಮರಿ ಸುರುಟಿಕೊಂಡು ಮಲಗಿರುತ್ತದೆ. ಹೊಟ್ಟೆಯ ತೆಳು ಚರ್ಮ ಉಸಿರಿಗೆ ಏರಿಳಿಯುತ್ತದೆ, ಕನಸಿನಲ್ಲಿ ಹಿಂಗಾಲು ಝಾಡಿಸಿ ಕುಂಯ್ ಅನ್ನುತ್ತದೆ. ಬಾಗಿಲು ಕಿರ್ರೆಂದರೆ ಕಣ್ಣು ಬಿಡುವ ಮೊದಲೇ ಬಾಲ ನೆಲಕ್ಕೆ ಬಡಿಯಲು ಶುರುವಾಗುತ್ತದೆ. ದಿನಕ್ಕೆ ಹತ್ತು ಸಲ ಇದನ್ನು ನೋಡಿದವರಿಗೆ "ಅಷ್ಟು ಹಚ್ಚಿಕೊಳ್ಳಬಾರದಿತ್ತು" ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ಹಚ್ಚಿಕೊಳ್ಳದೆ ಈ ಕೆಲಸ ಆಗುವುದಿಲ್ಲ. 2015ರಲ್ಲಿ ಜಪಾನಿನ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಮತ್ತು ಅದನ್ನು ಸಾಕಿದವರು ಹೆಚ್ಚು ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡ ಜೋಡಿಗಳಲ್ಲಿ ಇಬ್ಬರ ಮೂತ್ರದಲ್ಲೂ ಆಕ್ಸಿಟೋಸಿನ್ ಏರಿದ್ದು ಕಂಡಿತ್ತು. ತಾಯಿ ಮತ್ತು ಕೂಸಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದೇ.

ಕೊಟ್ಟು ಬಂದ ಮೇಲೆ ಬರುವ ದುಃಖಕ್ಕೆ ಊರಿನಲ್ಲಿ ಜಾಗವಿಲ್ಲ ಎಂಬುದು ಇನ್ನೊಂದು ತೊಂದರೆ. ನಾಯಿ ಸತ್ತರೆ ಒಂದು ಮಾತಾದರೂ ಆಡುತ್ತಾರೆ. ಬದುಕಿರುವ ನಾಯಿ, ಅದೂ ಒಳ್ಳೆಯ ಮನೆಗೆ ಹೋದದ್ದು, ಅದಕ್ಕೆ ಅಳುವುದೆಂದರೆ ನೆರೆಹೊರೆಯವರಿಗೆ ಅರ್ಥವಾಗುವುದಿಲ್ಲ. "ನಿಮಗೇ ಬೇಕಾದರೆ ಇಟ್ಕೊಳ್ಬೇಕಿತ್ತು" ಅನ್ನುತ್ತಾರೆ, ಅಥವಾ "ಇನ್ನೊಂದು ತಂದರಾಯ್ತು" ಅನ್ನುತ್ತಾರೆ. ಸುತ್ತಲಿನವರು ದುಃಖವೆಂದು ಒಪ್ಪದ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1980ರ ದಶಕದಲ್ಲೇ ಬರೆದಿದ್ದಾರೆ. ಅಂಥ ದುಃಖ ಬೇಗ ಆರುವುದಿಲ್ಲ, ಏಕೆಂದರೆ ಅದನ್ನು ಆಡಿ ಹಗುರಾಗಲು ಎದುರಿಗೆ ಕಿವಿಯಿರುವುದಿಲ್ಲ. ಹಾಗಾಗಿ ಮರಿ ಸಾಕಿ ಕೊಡುವವರು ಅದೇ ಕೆಲಸ ಮಾಡುವ ಇನ್ನೊಬ್ಬರ ಫೋನ್ ನಂಬರು ಇಟ್ಟುಕೊಂಡಿರಬೇಕು. ಅದಕ್ಕೆ ಸಂಘ ಸಂಸ್ಥೆ ಬೇಕಿಲ್ಲ, ಒಬ್ಬರು ಸಾಕು.

ಈ ದುಃಖದೊಳಗೆ ಎರಡು ಎಳೆಗಳಿವೆ, ಅವನ್ನು ಬಿಡಿಸಿ ನೋಡಿದರೆ ಅರ್ಧ ಭಾರ ಇಳಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು, ನನಗೆ ಅದಿಲ್ಲದೆ ಕಷ್ಟವಾಗುತ್ತದೆ ಎಂಬುದು. ಇದು ನಿಜ, ಇದಕ್ಕೆ ಔಷಧಿಯಿಲ್ಲ. ಇನ್ನೊಂದು, ನಾನಿಲ್ಲದೆ ಅದಕ್ಕೆ ಕಷ್ಟವಾಗುತ್ತದೆ, ನಂಬಿ ಬಂದದ್ದನ್ನು ನಾನು ಕೈಬಿಟ್ಟೆ ಎಂಬುದು. ಹೆಚ್ಚು ಕಾಡುವುದು ಇದೇ, ಆದರೆ ಇದು ಬಹುಪಾಲು ನಿಜವಲ್ಲ. 2001ರಲ್ಲಿ ಹಂಗೇರಿಯ ಸಂಶೋಧಕರು ಆಶ್ರಯ ಕೇಂದ್ರಗಳ ದೊಡ್ಡ ನಾಯಿಗಳನ್ನು ಪರೀಕ್ಷಿಸಿದ್ದರು. ಗುರುತಿಲ್ಲದ ಒಬ್ಬ ವ್ಯಕ್ತಿ ಹತ್ತು ಹತ್ತು ನಿಮಿಷದಂತೆ ಮೂರು ಸಲ ಜೊತೆ ಕಳೆದ ಮೇಲೆ, ಆ ನಾಯಿಗಳು ಅವರ ಕಡೆ ಸಾಕಿದವರ ಕಡೆಗೆ ತೋರುವಂಥ ನಂಟನ್ನೇ ತೋರಿಸಿದವು. ಹೊಸ ನಂಟು ಕಟ್ಟಿಕೊಳ್ಳುವುದರಲ್ಲಿ ನಾಯಿ ನಮಗಿಂತ ಬಹಳ ಮುಂದಿದೆ. ಅದರ ಅರ್ಥ ಅದು ನಮ್ಮನ್ನು ಮರೆಯುತ್ತದೆ ಎಂದಲ್ಲ. ಐದು ವರ್ಷ ಎರಡು ದಿನ ಬಿಟ್ಟು ಮನೆಗೆ ಮರಳಿದ ತನ್ನನ್ನು ತನ್ನ ನಾಯಿ ಗುರುತು ಹಿಡಿದು, ಅರ್ಧ ಗಂಟೆಯ ಹಿಂದಷ್ಟೇ ಅಗಲಿದ್ದಂತೆ ಹಿಂದೆ ಬಂತೆಂದು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಬರೆದಿದ್ದಾನೆ. ನೆನಪಿಟ್ಟುಕೊಂಡೇ ಬೇರೆಡೆ ಸುಖವಾಗಿರಲು ನಾಯಿಗೆ ಬರುತ್ತದೆ.

2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಮಣ್ಣಿನ ರಾಶಿಯ ಸುತ್ತ ತನ್ನವರನ್ನು ಹುಡುಕುತ್ತ ಅಲೆದ ನಾಯಿಯ ಸುದ್ದಿಯನ್ನು ನಮ್ಮ ಜಿಲ್ಲೆಯವರೆಲ್ಲ ನೋಡಿದ್ದಾರೆ. ಮರಿ ಕೊಟ್ಟು ಬಂದವರ ಕಣ್ಣ ಮುಂದೆ ಆ ಚಿತ್ರ ಬಂದರೆ ಆಶ್ಚರ್ಯವಿಲ್ಲ. ಆದರೆ ಆ ನಾಯಿ ಕಳಕೊಂಡದ್ದು ಎಲ್ಲವನ್ನೂ ಒಂದೇ ಗಳಿಗೆಯಲ್ಲಿ: ಜನ, ಜಾಗ, ಅನ್ನ, ವಾಸನೆ. ಹೊಸ ಮನೆಗೆ ಹೋಗುವ ಮರಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ, ನಡುವೆ ಖಾಲಿ ಜಾಗವಿರುವುದಿಲ್ಲ. ಇರದಂತೆ ನೋಡಿಕೊಳ್ಳುವುದೇ ಸಾಕಿ ಕೊಡುವವರ ಕೆಲಸ. ಕನ್ನಡದ ಅತಿ ಹೆಸರಾದ ನಾಯಿಯ ಕತೆಯೂ ಕೈ ಬದಲಾದ ನಾಯಿಯದೇ. ಕ್ರಿ.ಶ. 949-50ರ ಆತಕೂರು ಶಾಸನದ 'ಕಾಳಿ' ಮೊದಲು ಗಂಗರ ಬೂತುಗನ ಬಳಿಯಿತ್ತು. ತಕ್ಕೋಲದ ಯುದ್ಧದಲ್ಲಿ ಬೂತುಗನ ಸಾಮಂತ ಮಣಲೇರ ತೋರಿದ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಆ ನಾಯಿಯನ್ನೇ ಬೇಡಿ ಪಡೆದ. ಹಂದಿಯೊಡನೆ ಸೆಣಸಿ ಅದು ಸತ್ತಾಗ ಕಲ್ಲು ನಿಲ್ಲಿಸಿದ್ದು ಈ ಎರಡನೆಯ ಒಡೆಯ.

ಇನ್ನು ಕೆಲಸದ ಮಾತು. ಕೊಡುವ ದಿನದ ಸಂಕಟವನ್ನು ತಗ್ಗಿಸುವ ಕೆಲಸವೆಲ್ಲ ಮರಿ ಬಂದ ಮೊದಲ ವಾರದಲ್ಲಿ ಶುರುವಾಗಬೇಕು. ಮುಂದಿನ ಮನೆಯಲ್ಲಿ ನಡೆಯದ ಅಭ್ಯಾಸವನ್ನು ನಮ್ಮ ಮನೆಯಲ್ಲಿ ಹತ್ತಿಸಬಾರದು. ಬಹಳ ಮರಿಗಳು ಹೊಸ ಮನೆಯಲ್ಲಿ ಅಳುವುದು ನಮ್ಮ ನೆನಪಿಗಿಂತ ಹೆಚ್ಚಾಗಿ ಮಲಗುವ ರೀತಿ ಬದಲಾದದ್ದಕ್ಕೆ. ಮಳೆಯ ಚಳಿಗೆ ಮರುಗಿ ಹಾಸಿಗೆಯೊಳಗೆ ಎಳೆದುಕೊಂಡು ಮಲಗಿಸಿದ ಮರಿ ಶಿರಸಿಯ ತೋಟದ ಮನೆಯ ಜಗಲಿಯಲ್ಲಿ ಒಂಟಿಯಾಗಿ ಬಿದ್ದರೆ ರಾತ್ರಿಯಿಡೀ ಊಳಿಡುತ್ತದೆ. ಮನೆಯವರಿಗೆ ನಿದ್ದೆಯಿಲ್ಲ. ಮೂರನೆಯ ದಿನ "ವಾಪಸ್ ತಕೊಂಡು ಹೋಗಿ" ಎಂದು ಫೋನು. ಮೊದಲ ರಾತ್ರಿಯಿಂದಲೇ ಅದಕ್ಕೆಂದೇ ಒಂದು ಜಾಗ ಮಾಡಿ. ರಟ್ಟಿನ ಪೆಟ್ಟಿಗೆಯೋ ಬುಟ್ಟಿಯೋ, ಅದರೊಳಗೆ ಗೋಣಿಚೀಲ, ಮೇಲೆ ಹಳೆ ನೂಲಿನ ಸೀರೆಯ ತುಂಡು. ಮೊದಲೆರಡು ರಾತ್ರಿ ನೀವು ಪಕ್ಕದಲ್ಲಿ ಚಾಪೆ ಹಾಸಿ ಮಲಗಬಹುದು, ಆಮೇಲೆ ಚಾಪೆಯನ್ನು ದಿನಕ್ಕಿಷ್ಟು ದೂರ ಸರಿಸುತ್ತ ಹೋಗಿ. ವಾರದೊಳಗೆ ಮರಿ ತನ್ನ ಬುಟ್ಟಿಯಲ್ಲಿ ತಾನೇ ಮಲಗುತ್ತದೆ, ಆ ಬುಟ್ಟಿ ಮುಂದೆ ಅದರ ಜೊತೆಗೇ ಹೋಗುತ್ತದೆ.

ಒಂಟಿಯಾಗಿರುವುದನ್ನೂ ಕಲಿಸಬೇಕು. ಮಳೆಗಾಲದಲ್ಲಿ ಯಾರಾದರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ, ಮರಿಗೆ ಖಾಲಿ ಮನೆ ಗೊತ್ತೇ ಆಗುವುದಿಲ್ಲ. ದಿನಾ ಒಂದು ಸಲ ಐದು ನಿಮಿಷ, ಮತ್ತೆ ಹತ್ತು, ಮತ್ತೆ ಅರ್ಧ ಗಂಟೆ ಒಂದು ಕೋಣೆಯಲ್ಲಿ ಬಿಟ್ಟು ಹೋಗಿ. ಹೋಗುವಾಗ ಮುದ್ದು ಬೇಡ, ಬರುವಾಗ ಗದ್ದಲ ಬೇಡ. ಅಳುವ ಮೊದಲೇ ಮರಳಬೇಕು, ಅತ್ತಾಗ ಬಾಗಿಲು ತೆಗೆದರೆ ಅತ್ತರೆ ಬಾಗಿಲು ತೆಗೆಯುತ್ತದೆಂದು ಕಲಿಯುತ್ತದೆ. ಊಟ ಹಾಕುವವರೂ ಒಬ್ಬರೇ ಆಗಬಾರದು. ಮನೆಯಲ್ಲಿರುವ ಎಲ್ಲರೂ ಸರದಿಯಲ್ಲಿ ಹಾಕಲಿ, ಪಕ್ಕದ ಮನೆಯವರೂ ಆಗೀಗ ಹಾಕಲಿ. ಮೂರರಿಂದ ಸುಮಾರು 14 ವಾರದ ನಡುವೆ ನೋಡಿದ ಜನ, ಕೇಳಿದ ಸದ್ದು, ಮೆಟ್ಟಿದ ನೆಲ ನಾಯಿಗೆ ಜೀವನಪೂರ್ತಿ ಸಹಜವಾಗಿ ಉಳಿಯುತ್ತದೆ. ನಮ್ಮ ಮಳೆಗಾಲ ಸರಿಯಾಗಿ ಆ ವಾರಗಳನ್ನೇ ತಿಂದುಹಾಕುತ್ತದೆ. ಲಸಿಕೆ ಪೂರ್ತಿಯಾಗದೆ ಬೀದಿಗೆ ಇಳಿಸುವಂತಿಲ್ಲ ನಿಜ, ಆದರೆ ಎತ್ತಿಕೊಂಡು ಓಡಾಡಬಹುದು. ರೇನ್‌ಕೋಟು ಹಾಕಿದವರು, ಹೆಲ್ಮೆಟ್ಟಿನವರು, ಗಡ್ಡದವರು, ಶಾಲೆ ಬಿಟ್ಟು ಬರುವ ಮಕ್ಕಳು, ಬಸ್ಸಿನ ಹಾರ್ನು, ಹಟ್ಟಿಯ ದನ, ಎಲ್ಲವನ್ನೂ ಕೈಯಲ್ಲಿದ್ದುಕೊಂಡೇ ನೋಡಲಿ. ಚೌತಿಯ ಪಟಾಕಿ ಸದ್ದನ್ನು ಮೊಬೈಲಿನಲ್ಲಿ ಮೆಲ್ಲಗೆ ಹಾಕಿ ಊಟದ ಹೊತ್ತಿಗೆ ಕೇಳಿಸಿ, ದಿನದಿನಕ್ಕೆ ತುಸು ಏರಿಸಿ. ನಾಲ್ಕಾರು ಜನರ ಕೈಯಲ್ಲಿ ಬೆಳೆದ ಮರಿ ಐದನೆಯವರ ಕೈಗೆ ಸಲೀಸಾಗಿ ಹೋಗುತ್ತದೆ. ಅದು ಸಲೀಸಾಗಿ ಹೋದದ್ದನ್ನು ಕಣ್ಣಾರೆ ಕಂಡವರಿಗೆ ಮನೆಗೆ ಮರಳುವ ದಾರಿ ಅಷ್ಟು ಕಷ್ಟವಾಗುವುದಿಲ್ಲ.

ಹೆಸರಿಡಬೇಡಿ, ಹೆಸರಿಟ್ಟರೆ ಬಿಡಲಾಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಹೆಸರಿಡದಿದ್ದರೂ ಹಚ್ಚಿಕೊಳ್ಳುವುದು ತಪ್ಪದು, ಮರಿಗೆ ಮಾತ್ರ ಕರೆದರೆ ಬರುವ ಪಾಠ ತಪ್ಪುತ್ತದೆ. ಎರಡು ಅಕ್ಷರದ ಹೆಸರಿಡಿ. ಹೊಸ ಮನೆಯವರು ಬದಲಿಸಬೇಕೆಂದರೆ ಒಂದೆರಡು ವಾರ ಹಳೆ ಹೆಸರಿನ ಹಿಂದೆಯೇ ಹೊಸದನ್ನು ಸೇರಿಸಿ ಕರೆದು ತಿಂಡಿ ಕೊಟ್ಟರೆ ಸಾಕು.

ಮನೆ ಆರಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಕೊಟ್ಟು ಬಂದ ಮೇಲೆ ನಿದ್ದೆ ಬರುವುದೂ ಬಾರದಿರುವುದೂ ನಿಂತಿರುವುದು ಆ ಮನೆಯ ಮೇಲಿನ ನಂಬಿಕೆಯ ಮೇಲೆ. ಘಟ್ಟದ ಮೇಲಿನ ಮನೆಯಾದರೆ ಕೇಳಲೇಬೇಕಾದ ಮೊದಲ ಪ್ರಶ್ನೆ: ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಕಾಡಂಚಿನ ಮನೆಗಳಲ್ಲಿ ಚಿರತೆ ಅಂಗಳಕ್ಕೆ ಬಂದು ನಾಯಿ ಹೊತ್ತೊಯ್ಯುವುದು ಹೊಸ ಸುದ್ದಿಯಲ್ಲ. ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ. ಒಳಜಗಲಿಯೋ, ಬಾಗಿಲಿರುವ ಕೊಟ್ಟಿಗೆಯೋ, ಕಬ್ಬಿಣದ ಜಾಲರಿಯ ಗೂಡೋ ಇದೆಯೆಂದರೆ ಮಾತ್ರ ಮುಂದಿನ ಮಾತು. ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿದ್ದೇವಲ್ಲ ಎಂಬ ಉತ್ತರ ಸಾಲದು. ಎರಡನೆಯ ಪ್ರಶ್ನೆ ತೋಟಕ್ಕೆ ಒಂಟಿಯಾಗಿ ಬಿಡುವ ಬಗ್ಗೆ. ಹಂದಿಗೆ ಒಡ್ಡಿದ ಉರುಳಿಗೂ ಸಿಡಿಮದ್ದಿಗೂ ನಾಯಿಗಳು ಬಲಿಯಾಗುತ್ತವೆ. ಕಾಡಿಗೆ ನುಗ್ಗಿದ ನಾಯಿ ಮೈತುಂಬ ಉಣುಗು ಹೊತ್ತು ತರುತ್ತದೆ, ಮಂಗನ ಕಾಯಿಲೆ ಇರುವ ಸಿದ್ದಾಪುರ, ಹೊನ್ನಾವರದ ಕಡೆ ಅದು ಮನೆಯವರಿಗೂ ಅಪಾಯ. ಮೂರನೆಯದು ಸರಪಳಿ. ಹಗಲಿಡೀ ಕಟ್ಟಿಹಾಕಿ, ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರವೇ ಅಪರಾಧ ಎಂದು ಹೇಳಲು ಸಂಕೋಚ ಬೇಡ.

ಕರಾವಳಿಯ ಕಡೆ ಪ್ರಶ್ನೆ ಬೇರೆ. ಕಾರವಾರದಲ್ಲಿ ನೌಕಾನೆಲೆಯವರೂ ಕೈಗಾದವರೂ ಪ್ರೀತಿಯಿಂದ ಮರಿ ಕೇಳುತ್ತಾರೆ, ಒಳ್ಳೆಯ ಮನೆಗಳೇ. ಆದರೆ ವರ್ಗವಾದರೆ ಏನು ಮಾಡುತ್ತೀರಿ ಎಂದು ಮೊದಲೇ ಕೇಳಬೇಕು. ರೈಲಿನಲ್ಲಿ ನಾಯಿ ಒಯ್ಯಬೇಕಾದರೆ ಮೊದಲ ದರ್ಜೆ ಎಸಿಯಲ್ಲಿ ಪೂರ್ತಿ ಕೂಪೆ ಇಲ್ಲವೆ ಕ್ಯಾಬಿನ್ ನಮ್ಮದಾಗಬೇಕು, ಇಲ್ಲದಿದ್ದರೆ ಬ್ರೇಕ್ ವ್ಯಾನಿನ ಪೆಟ್ಟಿಗೆ. ಅದನ್ನು ತಿಳಿದೂ "ಕರಕೊಂಡೇ ಹೋಗ್ತೇವೆ" ಅನ್ನುವವರಿಗೆ ಕೊಡಿ. ಬಾಡಿಗೆ ಮನೆಯವರಾದರೆ ಮಾಲಕರ ಜೊತೆ ನೀವೇ ಒಮ್ಮೆ ಮಾತಾಡಿ.

ಹೆಣ್ಣು ಮರಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. "ಹೆಣ್ಣು ಕುನ್ನಿ ಬೇಡ ಮಾರಾಯ್ರೆ" ಎಂಬ ಮಾತು ಘಟ್ಟದ ಮೇಲೂ ಕೆಳಗೂ ಒಂದೇ. ಬೇಡವೆನ್ನುವುದು ನಾಯಿಯನ್ನಲ್ಲ, ವರ್ಷಕ್ಕೆರಡು ಸಲದ ಬೆದೆ ಮತ್ತು ಮರಿಗಳನ್ನು. ಆದ್ದರಿಂದ ಆರು ತಿಂಗಳ ಹೊತ್ತಿಗೆ ಸಂತಾನಹರಣ ಮಾಡಿಸಿಯೇ ಕೊಡುತ್ತೇವೆ ಅಂದರೆ ಒಪ್ಪುವವರು ಸಿಗುತ್ತಾರೆ. ಹೊಲಿಗೆ ಮಾಗಲು ಹತ್ತರಿಂದ 14 ದಿನ, ಅಷ್ಟು ದಿನ ನೆಕ್ಕದಂತೆ ಕೊರಳ ಸುತ್ತ ಶಂಕುವಿನಾಕಾರದ ಅಗಲ ಪಟ್ಟಿ. ಹೀಗೆ ಹೆಣ್ಣು ಮರಿ ನಮ್ಮಲ್ಲಿ ಇನ್ನೂ ಎರಡು ತಿಂಗಳು ಹೆಚ್ಚು ಉಳಿಯುತ್ತದೆ, ಬಿಡುವಾಗಿನ ನೋವೂ ಹೆಚ್ಚು. ಅದನ್ನು ತಿಳಿದೇ ಒಪ್ಪಿಕೊಳ್ಳಬೇಕು. ಎರಡು ತಿಂಗಳ ಹೆಣ್ಣು ಮರಿಯನ್ನು ಯಾರೋ ಕೇಳಿದರೆಂದು ಬೇಗ ದಾಟಿಸಿದರೆ ವರ್ಷದೊಳಗೆ ಅದರ ಆರು ಮರಿಗಳು ಪೇಟೆ ಸೇರುತ್ತವೆ.

ಬೇಡವೆನಿಸಿದ ಮನೆಗೆ ಬೇಡವೆಂದು ಹೇಳುವ ಹಕ್ಕು ನಿಮಗಿದೆ, ಪರಿಚಯದವರಾದರೂ, ನೆಂಟರಾದರೂ. ದಾಕ್ಷಿಣ್ಯಕ್ಕೆ ಕೊಟ್ಟ ಮರಿಯ ಚಿಂತೆ ವರ್ಷಗಟ್ಟಲೆ ಬಿಡುವುದಿಲ್ಲ. ಕಡಿಮೆಯೆಂದರೆ ಎರಡು ಭೇಟಿ ಆಗಲಿ: ಒಮ್ಮೆ ಅವರು ಇಲ್ಲಿಗೆ, ಒಮ್ಮೆ ನೀವು ಅಲ್ಲಿಗೆ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮೊದಲ ಎರಡು ವಾರ ಪರೀಕ್ಷೆಯ ಅವಧಿ, ಸಾಕಲಾಗದಿದ್ದರೆ ನಮಗೇ ಮರಳಿಸಬೇಕು, ಬೇರೆಯವರಿಗೆ ಕೊಡುವಂತಿಲ್ಲ, ಬೀದಿಗೆ ಬಿಡುವಂತಿಲ್ಲ. ಈ ಹಾಳೆಯನ್ನು ಹಿಡಿದು ಯಾರೂ ಕೋರ್ಟಿಗೆ ಹೋಗುವುದಿಲ್ಲ. ಬರೆದದ್ದನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಅಷ್ಟಕ್ಕಾಗಿ.

ಹೊರಡುವ ಮೊದಲ ವಾರದ ಕೆಲಸ ಊಟದ್ದು. ಕರಾವಳಿಯ ಮರಿ ಮುಳ್ಳು ತೆಗೆದ ಬಂಗಡೆಯನ್ನೋ ತಾರ್ಲೆಯನ್ನೋ ಉಪ್ಪು ಖಾರವಿಲ್ಲದೆ ಬೇಯಿಸಿ ಕಲಸಿದ ಅನ್ನಕ್ಕೆ ಒಗ್ಗಿರುತ್ತದೆ. ಅದು ಹೋಗುವ ಹವ್ಯಕರ ಮನೆಯಲ್ಲಿ ಮೀನು ಮೊಟ್ಟೆ ಎರಡೂ ಇಲ್ಲ. ಮೊಸರನ್ನದ ತಟ್ಟೆಯನ್ನು ಮರಿ ಮೂಸಿ ತಿರುಗಿ ಹೋದರೆ ಮನೆಯವರು ಗಾಬರಿಯಾಗುತ್ತಾರೆ, ಸುದ್ದಿ ಕೇಳಿದ ನೀವು "ನನ್ನ ಕೈಯೂಟ ಇಲ್ಲದೆ ಉಪವಾಸ ಬಿದ್ದಿದೆ" ಎಂದು ಅಳುತ್ತೀರಿ. ಮರಿಗೆ ಬೇಕಾದದ್ದು ಮೀನಿನ ವಾಸನೆ. ಹೊರಡುವ ಏಳೆಂಟು ದಿನ ಮೊದಲೇ ಬದಲಾವಣೆ ಶುರುಮಾಡಿ: ಎರಡು ದಿನ ಕಾಲು ಭಾಗ ಹೊಸ ಊಟ, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು. ಒಮ್ಮೆಲೇ ಬದಲಿಸಿದರೆ ಭೇದಿ ಖಂಡಿತ. ಬೆಳೆಯುವ ಮರಿಗೆ ಬರೀ ಮೊಸರನ್ನ ಸಾಲದು. ಪ್ರೋಟೀನು, ಸುಣ್ಣದಂಶ ಕಡಿಮೆಯಾಗಿ ಕಾಲು ಬಾಗುತ್ತದೆ. ಸಸ್ಯಾಹಾರಿ ಮನೆಯವರು ವರ್ಷ ತುಂಬುವ ತನಕವಾದರೂ ಮರಿಗಳಿಗೆಂದೇ ಮಾಡಿದ, ಪೊಟ್ಟಣದಲ್ಲಿ ಬರುವ ಒಣ ಆಹಾರ ಹಾಕಲು ಒಪ್ಪಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡದು ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರೆದೇ ಕೊಡಿ.

ಬರೆದುಕೊಡುವುದಕ್ಕೆ ಒಂದು ನೂರು ಪುಟದ ಶಾಲಾ ನೋಟುಬುಕ್ಕು ಸಾಕು. ಕೊಡುವವರ ಸಂಕಟಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಎದೆಯಲ್ಲಿರುವುದನ್ನೆಲ್ಲ ಉಪಯೋಗಕ್ಕೆ ಬರುವ ಮಾಹಿತಿಯಾಗಿ ಇಳಿಸುತ್ತ ಹೋಗುವುದು. ಊಟದ ಹೊತ್ತು, ಅಳತೆ. ಲಸಿಕೆ, ಜಂತಿನ ಔಷಧಿಯ ತಾರೀಕುಗಳು, ಮುಂದಿನದು ಎಂದು. ಯಾವ ಮಾತಿಗೆ ಏನು ಮಾಡುತ್ತದೆ: 'ಬಾ', 'ಕೂತ್ಕೋ', 'ಬೇಡ'. ಕನ್ನಡದಲ್ಲೋ ಕೊಂಕಣಿಯಲ್ಲೋ ಎಂಬುದನ್ನೂ ಬರೆಯಿರಿ, ಕೊಂಕಣಿ ಕೇಳಿ ಬೆಳೆದ ಮರಿಗೆ ಶಿರಸಿಯಲ್ಲಿ ಕನ್ನಡದಲ್ಲಿ ಕರೆದರೆ ಓಗೊಡದು. ಯಾವುದಕ್ಕೆ ಹೆದರುತ್ತದೆ: ಗುಡುಗು, ಕೊಡೆ ಬಿಚ್ಚುವ ಸದ್ದು, ಪೊರಕೆ ಎತ್ತಿದ ಕೈ. ಹೆದರಿದಾಗ ಎಲ್ಲಿ ಹೊಕ್ಕು ಕೂರುತ್ತದೆ. ಉಚ್ಚೆ ಬಂದಾಗ ಬೊಗಳುವುದಿಲ್ಲ, ಬಾಗಿಲ ಮೂಲೆಯಲ್ಲಿ ಎರಡು ಸುತ್ತು ಹಾಕುತ್ತದೆ ಎಂಬಂಥದ್ದು. ಈ ಒಂದು ಸಾಲು ಓದಿಕೊಂಡವರು ಮರಿಯನ್ನು ಸುಮ್ಮನೆ ಗದರುವುದು ತಪ್ಪುತ್ತದೆ. ಎಲ್ಲಿ ಮುಟ್ಟಿದರೆ ಇಷ್ಟ, ಎಲ್ಲಿ ಮುಟ್ಟಿದರೆ ಹಲ್ಲು ಹಾಕುತ್ತದೆ. ಕೆಟ್ಟ ಗುಣಗಳನ್ನು ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ಮರಿ ಹಿಂದಿರುಗಲು ಕಾರಣವಾಗುತ್ತದೆ. ಉಣುಗು ಜ್ವರಕ್ಕೆ ಡಾಕ್ಸಿಸೈಕ್ಲಿನ್ ನಡೆಯುತ್ತಿದ್ದರೆ ಆ 28 ದಿನದ ಔಷಧಿ ಮುಗಿಯುವ ತನಕ ಕಳಿಸಲೇಬೇಡಿ, ಹೊಸ ಮನೆಯ ಗಡಿಬಿಡಿಯಲ್ಲಿ ಮಾತ್ರೆ ತಪ್ಪುತ್ತದೆ.

ಚೀಲದಲ್ಲಿ ನೋಟುಬುಕ್ಕು, ಲಸಿಕೆಯ ಪುಸ್ತಕ, ವಾರಕ್ಕಾಗುವಷ್ಟು ಹಳೆ ಊಟ, ತಟ್ಟೆ, ಮತ್ತು ಆ ಸೀರೆಯ ತುಂಡು. ಅದನ್ನು ತೊಳೆಯಬಾರದು. ತೊಳೆದು ಮಡಿಸಿ ಕೊಟ್ಟರೆ ಬಟ್ಟೆ ಮಾತ್ರ ಹೋಯಿತು, ವಾಸನೆ ನಮ್ಮ ಮನೆಯಲ್ಲೇ ಉಳಿಯಿತು.

ಕೊಡುವ ದಿನ ಬೆಳಗ್ಗೆ ಆಗಬೇಕು, ಶನಿವಾರವಾದರೆ ಒಳ್ಳೆಯದು, ಹೊಸ ಮನೆಯಲ್ಲಿ ಎರಡು ದಿನ ಜನರಿರುತ್ತಾರೆ. ಸಂಜೆ ಕೊಟ್ಟ ಮರಿ ಮನೆಯ ಗುರುತು ಹಿಡಿಯುವ ಮೊದಲೇ ಕತ್ತಲೆ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರಾದರೂ ನಡುವೆ ದೇವಿಮನೆ ಘಟ್ಟವಿದೆ. ಮರಿಗಳಿಗೆ ತಿರುವು ತಡೆಯುವುದಿಲ್ಲ. ತುಟಿ ನೆಕ್ಕಿಕೊಳ್ಳುವುದು, ಜೊಲ್ಲು ಸುರಿಸುವುದು ವಾಂತಿಯ ಮುನ್ಸೂಚನೆ. ದೊಡ್ಡ ನಾಯಿಗೆ ಆರೇಳು ಗಂಟೆ ಮೊದಲು ಊಟ ನಿಲ್ಲಿಸಬಹುದು, ಚಿಕ್ಕ ಮರಿಯನ್ನು ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಹಸಿವಿನಲ್ಲಿ ಇಡಬಾರದು. ನೀರು ಕೊಡಬಹುದು. ಮಡಿಲಲ್ಲಿ ಕೂರಿಸುವ ಬದಲು ಬುಟ್ಟಿಯಲ್ಲಿಟ್ಟು ಸೀಟಿನ ಕೆಳಗೆ ಇಡಿ, ಕಿಟಕಿಯ ಹೊರಗೆ ಓಡುವುದು ಕಾಣದಿದ್ದರೆ ಹೊಟ್ಟೆ ತೊಳಸುವುದು ಕಡಿಮೆ. ಪಶುವೈದ್ಯರು ಮೊದಲೇ ಮಾತ್ರೆ ಕೊಟ್ಟಿದ್ದರೆ ಇನ್ನೂ ಒಳ್ಳೆಯದು.

ಯಾರು ಯಾರ ಮನೆಗೆ ಹೋಗಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಸಾಧ್ಯವಿದ್ದರೆ ಸಾಕಿದವರೇ ಒಯ್ದು ಬಿಟ್ಟು ಬರುವುದು ವಾಸಿ ಅನ್ನುತ್ತೇನೆ. ನಮ್ಮ ಕಾಲ ಬಳಿ ನಿಂತು ಮರಿ ಆ ಮನೆಯನ್ನು ಮೂಸುತ್ತದೆ. ಬುಟ್ಟಿಗೆ ಜಾಗ ಆಗುತ್ತದೆ, ಊಟದ ತಟ್ಟೆ ಇಳಿಯುತ್ತದೆ. ಮೊದಲ ಊಟ ಹೊಸ ಮನೆಯವರ ಕೈಯಿಂದಲೇ ಆಗಬೇಕು. ಒಂದು ತಾಸು ಕೂತು, ಕಷಾಯ ಕುಡಿದು, ಮರಿ ಏನನ್ನೋ ಜಗಿಯುವುದರಲ್ಲಿ ಇದ್ದಾಗ ಒಮ್ಮೆ ತಲೆ ಸವರಿ ಎದ್ದು ಬರುವುದು. ಬಿಗಿದಪ್ಪಿ ಅಳುವುದನ್ನು ದಾರಿಗೆ ಇಟ್ಟುಕೊಳ್ಳಿ. ನಮ್ಮ ಎದೆಬಡಿತ, ಬೆವರಿನ ವಾಸನೆ ಬದಲಾದರೆ ಈ ಜಾಗದಲ್ಲಿ ಏನೋ ಅಪಾಯವಿದೆ ಎಂದೇ ಮರಿ ತಿಳಿಯುತ್ತದೆ, ಅದೇ ಜಾಗದಲ್ಲಿ ನಾವು ಅದನ್ನು ಬಿಟ್ಟು ಬರುವವರು.

ಮೊದಲ ಮೂರು ದಿನ ಅತಿ ಎಚ್ಚರದವು. ದೊಡ್ಡ ಅನಾಹುತಗಳೆಲ್ಲ ಈ ದಿನಗಳಲ್ಲಿ: ಗೇಟು ತೆರೆದಿತ್ತು, ಕೊರಳಪಟ್ಟಿ ಕಳಚಿತು, ನಾಯಿ ಓಡಿತು. ಪಟ್ಟಿಯ ಒಳಗೆ ಎರಡು ಬೆರಳು ತೂರುವಷ್ಟೇ ಸಡಿಲವಿರಲಿ, ಜೊತೆಗೆ ಎದೆಪಟ್ಟಿಯೂ ಇರಲಿ, ಬಿಲ್ಲೆಯ ಮೇಲೆ ಎರಡೂ ಮನೆಯ ಫೋನ್ ನಂಬರು. ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬಾರದು. ಸಾಕಿದವರು ತಕ್ಷಣ ಹೊರಟು, ಕಡೆಯದಾಗಿ ಕಂಡ ಜಾಗದಲ್ಲಿ ಅದರ ಬಟ್ಟೆ, ಪರಿಚಿತ ಊಟ ಇಟ್ಟು ನೆಲದ ಮೇಲೆ ಕೂತು ಹೆಸರು ಕರೆಯಬೇಕು. ಹೆದರಿದ ನಾಯಿ ಹತ್ತಿರದಲ್ಲೇ ಪೊದೆಯಲ್ಲಿ ಅಡಗಿರುವುದೇ ಹೆಚ್ಚು, ಕತ್ತಲಾಗಿ ಸದ್ದಡಗಿದ ಮೇಲೆ ಹೊರಬರುತ್ತದೆ.

ಎಲ್ಲ ನಾಯಿಗೂ ಮನೆ ಸಿಗುವುದಿಲ್ಲ, ಎಲ್ಲಕ್ಕೂ ಮನೆ ಬೇಕಿಲ್ಲ. ವಾಹನ ಬಡಿದು ಕಾಲು ಮುರಿದ ದೊಡ್ಡ ಬೀದಿನಾಯಿಯನ್ನು ವಾಸಿಯಾಗುವ ತನಕ ಇಟ್ಟುಕೊಂಡವರು ಅದನ್ನು ಮತ್ತೆ ಅದರ ಬೀದಿಗೆ ಬಿಡುವುದು ಮರಿ ಕೊಡುವುದಕ್ಕಿಂತ ಕಷ್ಟ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಂತಾನಹರಣವಾದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆನ್ನುತ್ತವೆ. ಆ ನಾಯಿಗೆ ಅಲ್ಲಿ ಚಾದಂಗಡಿಯಿದೆ, ಬನ್ನು ಹಾಕುವ ಕೈಯಿದೆ, ಜೊತೆಯ ನಾಯಿಗಳಿವೆ. ಹೆಚ್ಚು ತಿಂಗಳು ನಮ್ಮಲ್ಲೇ ಉಳಿದರೆ ಅದರ ಜಾಗ ಬೇರೆ ನಾಯಿಗಳದಾಗುತ್ತದೆ, ಮರಳಿದಾಗ ಕಚ್ಚಾಟ. ಆದ್ದರಿಂದ ವಾಸಿಯಾದ ಕೂಡಲೇ, ರೇಬಿಸ್ ಲಸಿಕೆ ಹಾಕಿಸಿ, ಊಟ ಹಾಕುವವರು ಅಲ್ಲಿರುವ ಹೊತ್ತಿಗೇ ಒಯ್ದು ಬಿಡಬೇಕು. ಮೊದಲ ಕೆಲವು ದಿನ ಹೋಗಿ ನೋಡಬಹುದು. ಹಿಂಬಾಲಿಸಿ ಬಂದರೆ ಬೈಕು ಓಡಿಸಿಕೊಂಡು ತಪ್ಪಿಸಿಕೊಳ್ಳಬೇಡಿ, ಇಳಿದು ನಡೆಸಿಕೊಂಡು ಹಿಂದೆ ಒಯ್ಯಿರಿ.

ಮನೆಗೆ ಮರಳಿದ ಸಂಜೆಗೆ ಏನು ಮಾಡುವುದು ಎಂಬುದನ್ನೂ ಮೊದಲೇ ಯೋಚಿಸಿಟ್ಟಿರಿ. ಮಕ್ಕಳಿದ್ದರೆ ಅವರಿಲ್ಲದಾಗ ಮರಿ ಸಾಗಿಸುವುದು ದೊಡ್ಡ ತಪ್ಪು, ಮುಂದಿನ ಮರಿಯನ್ನು ಅವರು ನಂಬಿಕೆಯಿಂದ ಮುಟ್ಟುವುದಿಲ್ಲ. ಬಂದ ದಿನವೇ "ಇದು ನಮ್ಮಲ್ಲಿ ದೊಡ್ಡದಾಗಿ ಅದರ ಮನೆಗೆ ಹೋಗ್ತದೆ" ಎಂದು ಹೇಳಿರಬೇಕು, ನೋಟುಬುಕ್ಕಿನಲ್ಲಿ ಒಂದು ಪುಟ ಅವರೇ ಬರೆಯಬೇಕು. ಮನೆಯಲ್ಲಿ ಮೊದಲೇ ಇರುವ ನಾಯಿ ಎರಡು ಮೂರು ದಿನ ಮೂಲೆಮೂಲೆ ಮೂಸಿ ಹುಡುಕುತ್ತದೆ, ಊಟ ಕಡಿಮೆ ಮಾಡುತ್ತದೆ. ಅದರ ಹೊತ್ತುಹೊತ್ತಿನ ಊಟ, ಸುತ್ತಾಟ ತಪ್ಪದಿದ್ದರೆ ತಾನಾಗಿ ಸರಿಹೋಗುತ್ತದೆ. ಸಾಕಿದವರಿಗೆ ಕಷ್ಟವಾಗುವುದು ಹೆಚ್ಚಾಗಿ ಮರಿಯ ಊಟದ ಹೊತ್ತುಗಳಲ್ಲಿ. ಕೈ ಅಭ್ಯಾಸಬಲದಿಂದ ಅನ್ನ ಕಲಸಲು ಹೊರಡುತ್ತದೆ. ಆ ಹೊತ್ತಿಗೆ ಮನೆಯಿಂದ ಹೊರಗೆ ನಡೆದುಬರುವುದು ಒಳ್ಳೆಯದು. ಅಳು ಬಂದರೆ ಅಳಬೇಕು. ಎರಡು ಮೂರು ವಾರ ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ಮೊದಲೇ ಎಲ್ಲೋ ಇದ್ದ ದುಃಖವೂ ಇದರ ಜೊತೆ ಎದ್ದಿರಬಹುದು. ವೈದ್ಯರನ್ನು ಕಾಣಲು ನಾಚಿಕೆ ಬೇಡ.

ಕೊಡದೆ ಇಟ್ಟುಕೊಂಡುಬಿಡೋಣ ಎಂಬ ಯೋಚನೆ ಪ್ರತಿ ಸಲ ಬರುತ್ತದೆ. ಕೆಲವೊಮ್ಮೆ ಅದೇ ಸರಿ: ಮುದಿ ನಾಯಿ, ಕಣ್ಣಿಲ್ಲದ್ದು, ತಿಂಗಳುಗಟ್ಟಲೆ ಹೆದರಿ ಕೊನೆಗೆ ಒಬ್ಬರನ್ನೇ ನಂಬಿದ್ದು. ಆದರೆ ಆ ತೀರ್ಮಾನವನ್ನು ಎರಡನೆಯ ಲಸಿಕೆಯ ಹೊತ್ತಿಗೇ ಮಾಡಬೇಕು. ಬೇರೆ ಮನೆಯವರು ಬಂದು ನೋಡಿ, ಅವರ ಮಕ್ಕಳು ಹೆಸರು ಯೋಚಿಸಿದ ಮೇಲೆ ಮನಸ್ಸು ಬದಲಿಸುವುದು ಅವರಿಗೆ ಮಾಡುವ ಅನ್ಯಾಯ. ನಾಯಿ 12-15 ವರ್ಷ ಬದುಕುತ್ತದೆ. ಅಷ್ಟು ವರ್ಷ ಆ ಒಲೆಯ ಪಕ್ಕದ ಗೋಣಿಚೀಲ ಖಾಲಿ ಇರುವುದಿಲ್ಲ, ಜೂನಿನಲ್ಲಿ ಬರುವ ಫೋನಿಗೆ ಆಗುವುದಿಲ್ಲ ಎನ್ನಬೇಕಾದೀತು. ಇದನ್ನೆಲ್ಲ ಯೋಚಿಸಿಯೂ ಇಟ್ಟುಕೊಂಡವರನ್ನು ಸೋತವರೆಂದು ಕಾಣಬೇಕಿಲ್ಲ.

ಮರಿ ಹಿಂದಿರುಗಿ ಬಂದರೆ ಸಿಟ್ಟಾಗದೆ ತಕ್ಕೊಳ್ಳಿ, ಏನು ಸರಿಹೋಗಲಿಲ್ಲವೆಂದು ಕೇಳಿ ನೋಟುಬುಕ್ಕಿಗೆ ಸೇರಿಸಿ. ಮುಂದಿನ ಮನೆಗೆ ಅದು ಬೇಕು. ಹೊಸ ಮರಿ ತರುವ ಮೊದಲು ಹಳೆಯದಕ್ಕೆ ಪಾರ್ವೊ ಬಂದಿತ್ತೇ ಎಂಬುದು ಮುಖ್ಯ. ಆ ವೈರಾಣು ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ. ಮನೆಬಳಕೆಯ ಬ್ಲೀಚಿಂಗ್ ದ್ರಾವಣವನ್ನು ಒಂದಕ್ಕೆ ಮೂವತ್ತು ಪಾಲು ನೀರು ಬೆರೆಸಿ, ಗಲೀಜು ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಅಂಥ ಮನೆಗೆ ಲಸಿಕೆಯಾಗದ ಮರಿ ತರಲೇಬಾರದು.

ಫೋನು ಎಷ್ಟು ಮಾಡಬಹುದು ಎಂದು ಎಲ್ಲರೂ ಕೇಳುತ್ತಾರೆ. ಮೊದಲ ರಾತ್ರಿ ಮಲಗುವ ಮುಂಚೆ ಒಂದು, ಮೂರನೆಯ ದಿನ, ವಾರಕ್ಕೊಂದು, ತಿಂಗಳಿಗೊಂದು. ಅದನ್ನೂ ಆ ಸಹಿ ಹಾಕಿದ ಹಾಳೆಯಲ್ಲೇ ಬರೆದುಬಿಟ್ಟರೆ ಎರಡೂ ಕಡೆ ಮುಜುಗರವಿಲ್ಲ. ದಿನಾ ಫೋಟೊ ಕೇಳಿದರೆ ಹೊಸ ಮನೆಯವರಿಗೆ ತಮ್ಮನ್ನು ಪರೀಕ್ಷಿಸುತ್ತಿದ್ದಾರೆ ಅನ್ನಿಸುತ್ತದೆ, ತೊಂದರೆ ಬಂದಾಗ ಹೇಳಲು ಹಿಂಜರಿಯುತ್ತಾರೆ. ನೋಡಲು ಹೋಗುವುದನ್ನು ಒಂದು ತಿಂಗಳಾದರೂ ತಡೆಯಿರಿ. ಆ ಮೇಲೆ ಹೋದರೆ ಮರಿ ಮೈಮೇಲೆ ಹಾರಿ, ಮುಖ ನೆಕ್ಕಿ, ಐದು ನಿಮಿಷದ ನಂತರ ಅಲ್ಲಿಯ ಅಜ್ಜಿಯ ಚಾಪೆಯ ಪಕ್ಕ ಹೋಗಿ ಬೀಳುತ್ತದೆ. ನೋಡಬೇಕಾದದ್ದು ಅದನ್ನೇ: ಕಿವಿ ಸಡಿಲವಿದೆಯೇ, ಬಾಲ ಸಹಜವಾಗಿದೆಯೇ, ಪಕ್ಕೆಲುಬು ಕೈಗೆ ಸಿಗುವಷ್ಟೇ ಇದೆಯೇ, ಕಿವಿಯೊಳಗೆ, ಬೆರಳುಗಳ ನಡುವೆ ಉಣುಗು ಇದೆಯೇ. ವರ್ಷ ತುಂಬಿದಾಗ ರೇಬಿಸ್ ಮತ್ತು ಸಂಯುಕ್ತ ಲಸಿಕೆಯ ಬೂಸ್ಟರ್ ಬಾಕಿಯಿರುತ್ತದೆ. ಹೊಸ ಮನೆಯವರು ಮರೆಯುವುದು ಇದನ್ನೇ, ಆ ತಾರೀಕನ್ನು ನಿಮ್ಮ ಕ್ಯಾಲೆಂಡರಿನಲ್ಲೂ ಗುರುತು ಹಾಕಿಟ್ಟು ಒಂದು ವಾರ ಮೊದಲು ನೆನಪಿಸಿ.